ಚಿವುಟಮ್ಮನ ಕಟ್ಟೆ

ಅರಳೇಗುಂದಿಯ ಮೂಡಲ ಬೀದಿ ಮುಗಿಯುವಲ್ಲಿ, ಮನೆಗಳ ಹಿತ್ತಲುಗಳೆಲ್ಲ ಒಂದಕ್ಕೊಂದು ಬೆನ್ನು ತಾಗಿಸಿಕೊಂಡಿರುವ ಕಡೆ, ಹೊಂಗೆ ಮರದ ನೆರಳಿನಲ್ಲಿ ಒಂದು ಕಲ್ಲುಕಟ್ಟೆ ಇದೆ. ಕಟ್ಟೆಯ ಮೇಲೆ ಸೊಂಟದೆತ್ತರದ ಒಂದು ಹೆಂಗಸಿನ ಕಲ್ಲು. ಗೋಪುರವಿಲ್ಲ, ಗಂಟೆಯಿಲ್ಲ, ಪೂಜಾರಿಯೂ ಇಲ್ಲ. ಇದನ್ನು ಚಿವುಟಮ್ಮನ ಕಟ್ಟೆ ಎನ್ನುತ್ತಾರೆ. ಹೆಸರು ಕೇಳಿದ ಹೊರಗಿನವರು, ಹಟಮಾರಿ ಮಕ್ಕಳನ್ನು ಚಿವುಟುವ ದೇವತೆಯೇ ಎಂದು ಕೇಳುವುದುಂಟು. ಅಯ್ಯೋ, ಮಕ್ಕಳ ಗೊಡವೆ ಅವಳಿಗೇಕೆ! ಈಚೆಗೆ ಯಾರೋ ಪುಣ್ಯಾತ್ಮರು ಕಟ್ಟೆಗೆ ಬಣ್ಣ ಬಳಿಸಿ ‘ಶ್ರೀ ಚೌಡೇಶ್ವರಿ’ ಎಂದು ಬರೆಸಿದ್ದರು. ಒಂದೇ ಮಳೆಗೆ ಬಣ್ಣ ತೊಳೆದುಹೋಯಿತು, ಒಳ್ಳೆಯದೇ ಆಯಿತು. ಇವಳು ಚೌಡೇಶ್ವರಿಯೂ ಅಲ್ಲ, ಮಾರಮ್ಮನೂ ಅಲ್ಲ. ಹೊಟ್ಟೆಕಿಚ್ಚಿನಿಂದ ಬೆಂದ ಒಬ್ಬ ಹೆಂಗಸು, ಅಷ್ಟೆ.

ಹಿಂದೆ ಒಮ್ಮೆ, ಊರಿಗೆಲ್ಲ ಈ ಮೂಡಲ ಬೀದಿಯೊಂದೇ ಬೀದಿಯಾಗಿದ್ದ ಕಾಲದಲ್ಲಿ, ಇಲ್ಲಿ ಮುದ್ದಜ್ಜಿ ಎಂಬ ಹಿರಿಯಳಿದ್ದಳು. ಅವಳ ಬಳಿ ಒಂದು ಒಣಗಿದ ಸೋರೆಬುರುಡೆ ಇತ್ತು. ಅದರೊಳಗೆ ಸೋರೆ, ಹೀರೆ, ಬದನೆ, ದಂಟು ಎಂದು ಹಿತ್ತಲಿಗೆ ಬೇಕಾದ ಬೀಜವೆಲ್ಲ ಬೂದಿಯಲ್ಲಿ ಬೆರೆತು ಕುಳಿತಿರುತ್ತಿತ್ತು. ಮುಂಗಾರು ಬಿತ್ತೆಂದರೆ ಬೀದಿಯ ಹೆಂಗಸರೆಲ್ಲ ಎಲೆ ಅಡಿಕೆ ಹಿಡಿದು ಅವಳ ಬಾಗಿಲಿಗೇ ಬರಬೇಕು. ಆ ಬುರುಡೆ ತನಗೆ ಬರುತ್ತದೆಂದು ಹಿರಿಸೊಸೆ ಬೋರಮ್ಮ ಹನ್ನೆರಡು ವರ್ಷ ಕಾದಿದ್ದಳು. ಗೊಬ್ಬರ ಹೊತ್ತಳು, ಪಾತಿ ಮಾಡಿದಳು, ಹುಳ ಆರಿಸಿದಳು. ಮುದ್ದಜ್ಜಿಯ ಬಾಯಲ್ಲಿ ಒಂದು ಒಳ್ಳೆಯ ಮಾತು ಬಂದಿದ್ದರೆ ಕೇಳಿ. ಅಷ್ಟರಲ್ಲಿ ಕಿರಿಸೊಸೆಯಾಗಿ ಸಣ್ಣೀರಿ ಬಂದಳು. ಅವಳು ಬೆಳೆದ ದಂಟಿನ ಸಾರನ್ನು ಮೊದಲ ಸಲ ಉಂಡ ದಿನವೇ ಮುದ್ದಜ್ಜಿ, “ಕೈಗುಣ ಅಂದ್ರೆ ಇದು ಕಣ್ರೇ” ಎಂದುಬಿಟ್ಟಳು. ಬೋರಮ್ಮ ಸೌಟು ಹಿಡಿದು ಅಲ್ಲೇ ನಿಂತಿದ್ದಳು. ಅವಳ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಆಗಲೇ ಎನ್ನುತ್ತಾರೆ.

ಮುದ್ದಜ್ಜಿಯ ಗಂಡುಮಕ್ಕಳಿಬ್ಬರೂ ಬೇರೆಯಾದರು, ಹಿತ್ತಲ ನಡುವೆ ಮುಳ್ಳುಬೇಲಿ ಬಂತು. ಆ ವರ್ಷ ಮುದ್ದಜ್ಜಿ, ಈ ಮಳೆಗಾಲದ ಸೋರೆಬಳ್ಳಿ ನೋಡಿ ಬುರುಡೆಯನ್ನು ಯಾರಿಗೆಂದು ಹೇಳುತ್ತೇನೆ ಎಂದಳು. ಬೋರಮ್ಮನಿಗೆ ಅಂದಿನಿಂದ ಊಟ ರುಚಿಸಲಿಲ್ಲ. ತನ್ನ ಬಳ್ಳಿಗೆ ಅಕ್ಕಿ ತೊಳೆದ ನೀರು ಹೊಯ್ದಳು, ಹುಳಿ ಮಜ್ಜಿಗೆ ಹೊಯ್ದಳು, ಸಗಣಿ ಕದಡಿ ಬುಡಕ್ಕೆ ಹಾಕಿದಳು. ಕೆಲಸವೇನೋ ತನ್ನ ಹಿತ್ತಲಲ್ಲಿ. ಕಣ್ಣು ಮಾತ್ರ ಬೇಲಿಯಾಚೆ. ಸಣ್ಣೀರಿಯ ಬಳ್ಳಿ ಆಗಷ್ಟೇ ಚಪ್ಪರ ಹತ್ತಿತ್ತು. ನಿನ್ನೆ ಮೊನ್ನೆ ಬಂದವಳ ಬಳ್ಳಿಗೆ ಇಷ್ಟು ಸೊಕ್ಕೇ ಎಂದು ಬೋರಮ್ಮನ ಮೈಯೆಲ್ಲ ಉರಿಯಿತು. ಒಂದು ನಸುಕಿನಲ್ಲಿ ನೀರಿಗೆ ಹೊರಟವಳು ಕೊಡ ಇಳಿಸಿ, ಬೇಲಿಯ ಸಂದಿನಿಂದ ಕೈ ತೂರಿಸಿ, ಬಳ್ಳಿಯ ಕುಡಿಯನ್ನು ಚಕ್ಕನೆ ಚಿವುಟಿ ಹಾಕಿದಳು. ಅವತ್ತು ಮೂರು ಮುದ್ದೆ ಉಂಡಳು.

ಕುಡಿ ಹೋದ ಬಳ್ಳಿ ಸಾಯುತ್ತದೆಂದು ಅವಳ ಲೆಕ್ಕ. ಹಿತ್ತಲು ಮಾಡುವವರಿಗೆಲ್ಲ ಈಗ ಗೊತ್ತಿರುವ ಸಂಗತಿಯನ್ನು ಆಗ ಬಲ್ಲವಳು ಮುದ್ದಜ್ಜಿಯೊಬ್ಬಳೇ, ಅವಳೂ ಯಾರಿಗೂ ಹೇಳಿರಲಿಲ್ಲ. ಸೋರೆಯ ಕುಡಿ ಚಿವುಟಿದರೆ ಪಕ್ಕದಲ್ಲಿ ಕವಲೊಡೆಯುತ್ತದೆ. ಕಾಯಿ ಕಚ್ಚುವ ಹೂವು ಹೆಚ್ಚಾಗಿ ಬರುವುದು ಆ ಕವಲಿನಲ್ಲೇ. ಎಂಟು ದಿನಕ್ಕೆ ಒಂದು ಕುಡಿಯಿದ್ದಲ್ಲಿ ಎರಡಾದವು. ಬೋರಮ್ಮ ಹಲ್ಲು ಕಚ್ಚಿ ಎರಡನ್ನೂ ಚಿವುಟಿದಳು. ನಾಲ್ಕಾದವು. ಆಷಾಢ ಕಳೆಯುವ ಹೊತ್ತಿಗೆ ದಿನವೂ ಚಿವುಟಿ ಚಿವುಟಿ ಅವಳ ಉಗುರು ಹಸಿರಾಗಿತ್ತು, ಸಣ್ಣೀರಿಯ ಚಪ್ಪರ ಕಾಯಿಯ ಭಾರಕ್ಕೆ ಬಾಗಿತ್ತು. ಬೋರಮ್ಮನ ಮುದ್ದಿನ ಬಳ್ಳಿಯೋ, ಉಂಡು ಕೊಬ್ಬಿ, ಬೇವಿನ ಮರ ಹತ್ತಿ ಎಲೆ ಬೀಸುತ್ತಿತ್ತು. ಕಾಯಿ ಮಾತ್ರ ಕೇಳಬೇಡಿ.

ಶ್ರಾವಣದಲ್ಲಿ ಮುದ್ದಜ್ಜಿ ಬುರುಡೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದಳು. ಬೀದಿಯ ಹೆಂಗಸರೂ ಹಿಂದೆ ಬಂದರು. ಸಣ್ಣೀರಿಯ ಚಪ್ಪರದಡಿ ನಿಂತು ಬಳ್ಳಿಯನ್ನು ಗೆಣ್ಣುಗೆಣ್ಣಿಗೆ ಮುಟ್ಟಿ ನೋಡಿದಳು. “ಇದನ್ನ ಚಿವುಟಿದ್ದು ಯಾರೇ?” ಎಂದಳು. ಸಣ್ಣೀರಿ ತಲೆ ತಗ್ಗಿಸಿ, “ನಾನಲ್ಲ ಕಣತ್ತೆ, ಅಕ್ಕ. ದಿನಾ ನೀರಿಗೆ ಹೋಗೋವಾಗ ಚಿವುಟ್ತಾಳೆ” ಎಂದಳು. ಹೆಂಗಸರ ನಡುವೆ ನಿಂತಿದ್ದ ಬೋರಮ್ಮ ಹಸಿರು ಉಗುರನ್ನು ಸೆರಗಿನಲ್ಲಿ ಅಡಗಿಸಿದಳು. ಆದರೆ ಮುದ್ದಜ್ಜಿಯ ಮುಖ ಅರಳಿತು. ತಾನು ಯಾರಿಗೂ ಹೇಳದ ವಿದ್ಯೆಯನ್ನು ತಾನಾಗಿ ಕಂಡುಕೊಂಡವಳು, ಅದನ್ನು ಓರಗಿತ್ತಿಯ ಬಳ್ಳಿಗೆ ಧಾರೆಯೆರೆದವಳು, ಇಂಥ ದೊಡ್ಡ ಮನಸ್ಸು ಯಾರಿಗಿದೆ ಎಂದು ಬುರುಡೆಯನ್ನು ತಂದು ಬೋರಮ್ಮನ ಕೈಯಲ್ಲಿಟ್ಟಳು.

ಹನ್ನೆರಡು ವರ್ಷ ಕಾದದ್ದು ಕೈಗೆ ಬಂದಿತ್ತು. ಸುಮ್ಮನೆ ತೆಗೆದುಕೊಂಡು ಮನೆಗೆ ಹೋಗಿದ್ದರೆ ಮುಗಿಯುತ್ತಿತ್ತು. ಆದರೆ ಹೆಂಗಸರೆಲ್ಲ, ತಂಗಿಯ ಮೇಲೆ ಎಷ್ಟು ಪ್ರೀತಿ ನೋಡಿ ಎಂದು ಗುಣಗಾನ ಮಾಡತೊಡಗಿದರು. ಪ್ರೀತಿಯಂತೆ! ಆ ಸಣ್ಣೀರಿಯ ಮೇಲಂತೆ! ಬೋರಮ್ಮನಿಗೆ ತಡೆಯಲಾಗಲಿಲ್ಲ. ತನಗೆ ಸಿಕ್ಕ ಮೊದಲ ಹೊಗಳಿಕೆಯೂ ಅವಳ ಚಪ್ಪರದ ಕೆಳಗೇ ಸಿಗಬೇಕೇ? “ಸಾಯ್ಲಿ ಅಂತ ಚಿವುಟ್ದೆ!” ಎಂದು ಕಿರುಚಿದಳು. “ಇವಳ ಬಳ್ಳಿ ಒಣಗಿ ಕಡ್ಡಿಯಾಗ್ಲಿ ಅಂತ ಚಿವುಟ್ದೆ. ತಗೊಳ್ಳೇ ನಿನ್ನ ಬುರುಡೆ!” ಎಂದು ಅದನ್ನು ಸಣ್ಣೀರಿಯ ಮಡಿಲಿಗೆ ತುರುಕಿದಳು. ಸಣ್ಣೀರಿ ಮೆಲ್ಲನೆ, “ಗೊತ್ತಿತ್ತು ಕಣಕ್ಕಾ. ಮೊದಲನೇ ದಿನ ನೋಡಿ ಅತ್ತುಬಿಟ್ಟಿದ್ದೆ. ಕವಲು ಬಂದ ಮೇಲೆ, ಹೇಳಿದ್ರೆ ನೀನು ನಿಲ್ಲಿಸಿಬಿಡ್ತೀಯ ಅಂತ ಸುಮ್ಮನಾದೆ” ಎಂದಳು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಂದರೆ ಮಳೆಗಾಲವಿಡೀ ತನ್ನಿಂದ ಬಿಟ್ಟಿ ಚಾಕರಿ ಮಾಡಿಸಿಕೊಂಡಳೇ! ಬೋರಮ್ಮ ಸಣ್ಣೀರಿಯ ರಟ್ಟೆಯನ್ನು ಬಲವಾಗಿ ಚಿವುಟಿ, “ಇಲ್ಲೂ ಕವಲೊಡೀಲಿ!” ಎಂದು ಹೊರಟುಹೋದಳು.

ಬುರುಡೆ ಸಣ್ಣೀರಿಯ ಮನೆಯಲ್ಲೇ ಉಳಿಯಿತು, ಹೊಟ್ಟೆಕಿಚ್ಚು ಬೋರಮ್ಮನಲ್ಲೇ ಉಳಿಯಿತು. ಅವರು ರಾಜಿಯಾದರೆಂದು ಕೆಲವರು ಹೇಳುವುದು ಶುದ್ಧ ಸುಳ್ಳು. ಪ್ರತಿ ಮಳೆಗಾಲವೂ ಬೋರಮ್ಮ ರಾಜಾರೋಷವಾಗಿ ಬೇಲಿ ದಾಟಿ ಬಂದು, ಬೈದುಕೊಳ್ಳುತ್ತಲೇ ಚಿವುಟಿ ಹೋಗುತ್ತಿದ್ದಳು. ಬೀದಿಯವರೂ ತಮ್ಮ ಬಳ್ಳಿ ತೋರಿಸಿ, ತಮ್ಮದನ್ನೂ ಚಿವುಟಲೆಂದು ಅವಳ ಮುಂದೆ ಬೇಕೆಂದೇ ಜಂಬ ಕೊಚ್ಚುತ್ತಿದ್ದರು. ಮುದ್ದಜ್ಜಿ ಹೋದಳು; ಕೆಲವು ವರ್ಷಕ್ಕೆ ಬೋರಮ್ಮನೂ ಹೋದಳು. ಮರುವರ್ಷ ಸಣ್ಣೀರಿಯ ಬಳ್ಳಿ ಚಪ್ಪರ ಹತ್ತಿತು, ಮಾಡು ಹತ್ತಿತು, ಬರೀ ಎಲೆ. ತಾನೇ ಚಿವುಟಲೆಂದು ದಿನವೂ ಕೈಯೆತ್ತುವಳು. ತಾನು ನೆಟ್ಟು ಸಾಕಿದ ಕುಡಿಯೆಂದು ಕೈ ಹಿಂದೆಗೆಯುವಳು. ಕೊನೆಗೆ ಚಪ್ಪರದಡಿ ಕುಳಿತು, “ಅಕ್ಕಾ, ನನ್ನ ಕಂಡರಾಗದೋರು ಒಬ್ಬರೂ ಇಲ್ಲದ ಹಾಗೆ ಮಾಡಿ ಹೋದೆಯಲ್ಲೇ” ಎಂದು ಗೊಳೋ ಎಂದು ಅತ್ತಳಂತೆ. ಈ ಕಲ್ಲನ್ನು ಕಡೆಸಿ ನಿಲ್ಲಿಸಿದವಳು ಅವಳೇ.

ಈಗಲೂ ಹೋದರೆ ನೋಡಬಹುದು. ಕಲ್ಲಿನ ಹೆಂಗಸಿನ ಬಲಗೈ ಹರಸುವುದಿಲ್ಲ. ಹೆಬ್ಬೆರಳೂ ತೋರುಬೆರಳೂ ಕೂಡಿವೆ. ಮುಖ ಭಕ್ತರ ಕಡೆಗಿಲ್ಲ, ಪಕ್ಕದ ಹಿತ್ತಲ ಕಡೆಗೆ ಓರೆಯಾಗಿ ತಿರುಗಿದೆ. ಅರಳೇಗುಂದಿಯಲ್ಲಿ ಯಾವ ಹೆಂಗಸೂ ತನ್ನ ಬಳ್ಳಿಯನ್ನು ತಾನು ಚಿವುಟುವುದಿಲ್ಲ. ಮಳೆ ಹಿಡಿದ ಮೊದಲ ಮಂಗಳವಾರ ಅರಿಸಿನ ಕುಂಕುಮ ತೆಗೆದುಕೊಂಡು, ತನ್ನನ್ನು ಕಂಡರೆ ಆಗದವಳ ಮನೆಗೆ ಹೋಗಿ, “ಬಾರಕ್ಕಾ, ನಮ್ಮ ಬಳ್ಳಿ ನೋಡು ಬಾ” ಎಂದು ಕರೆಯುತ್ತಾಳೆ. ಕರೆಸಿಕೊಂಡವಳು ಮುಖ ಸಿಂಡರಿಸಿಕೊಂಡೇ ಹೋಗುತ್ತಾಳೆ, ಆದರೆ ಹೋಗದೆ ಇರುವುದಿಲ್ಲ.