ತಾನನ ದೋಣಿಯ ಮಣೆ

ಗುರುಗಳು ವ್ಯಾಪಾರ ಕಲಿಸುತ್ತಿದ್ದರು. ವರ್ಷಕ್ಕೊಮ್ಮೆ ಶಿಷ್ಯರನ್ನು ಕಡಲಾಚೆ ಕರೆದೊಯ್ಯುತ್ತಿದ್ದರು. ಅಲ್ಲಿ ಹೊಸದಾಗಿ ಶುರುವಾದ ಕಂಪನಿಗಳಿಗೆ ಶಿಷ್ಯರು ಸಲಹೆ ಕೊಡಬೇಕು. ಅದೇ ಪರೀಕ್ಷೆ.

ಆ ವರ್ಷ ಹೋದದ್ದು ದೊಡ್ಡ ನದಿಯೊಂದರ ದಂಡೆಗೆ. ಆ ಊರಿನ ಸಂತೆ ನಡೆಯುವುದು ನೀರಿನ ಮೇಲೆ. ಬೆಳಕು ಹರಿಯುವ ಮೊದಲೇ ನೂರಾರು ದೋಣಿ ಬಂದು ಸೇರುತ್ತವೆ.

ಉಳಿದವರಿಗೆಲ್ಲ ಕಂಪ್ಯೂಟರ್ ಕಂಪನಿಗಳು ಸಿಕ್ಕವು. ಸಂಗನಬಸುವಿಗೆ ಸಿಕ್ಕಿದ್ದು ಶಾವಿಗೆ ಸಾರು ಮಾರುವ ದೋಣಿ.

"ಸಂಗ್ಯಾ, ನಿನ್ನ ಪಾಲಿಗೆ ಹಂಡೆ ಬಂತಲ್ಲೋ!" ಗೆಳೆಯರು ನಕ್ಕರು.

ಅವನಿಗೆ ಮುಖ ಸಣ್ಣದಾಯಿತು. "ಇದೂ ಸ್ಟಾರ್ಟಪ್ಪೇ, ಗುರುಗಳೇ?"

"ಹುಟ್ಟಿ ಮೂರು ತಿಂಗಳಾಯ್ತು, ತಮ್ಮಾ. ಕೂಸೇ. ಹುಷಾರಾಗಿ ಎತ್ತಿಕೋ."

ದೋಣಿಯವನ ಹೆಸರು ತಾನ್. ಅರವತ್ತು ದಾಟಿದವನು. ಬಂದರಿನಲ್ಲಿ ಮೂಟೆ ಹೊತ್ತು ಹರಕು ಮುರಕು ಇಂಗ್ಲಿಷ್ ಕಲಿತಿದ್ದ. ಅವನ ಹೆಂಡತಿ ದಂಡೆಯ ಮೇಲೆ ಸಾರು ಮಾರುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಹಂಡೆಯನ್ನು ದೋಣಿಗೆ ಏರಿಸಿದ್ದ.

ಸಂತೆಗೆ ಒಂದು ಕಟ್ಟಳೆ ಇತ್ತು. ಹೊಸಬನ ಹಂಡೆಯಲ್ಲಿ ಸತತ ಮೂರು ದಿನ ಸಾರು ಉಳಿದರೆ, ಅವನು ದೋಣಿ ಕಟ್ಟುವ ಗೂಟ ಬೇರೆಯವರಿಗೆ.

ತಾನನ ಹಂಡೆಯಲ್ಲಿ ಇದುವರೆಗೆ ಒಂದು ದಿನವೂ ಸಾರು ಉಳಿದಿರಲಿಲ್ಲ.

ಸಂಗನಬಸು ಒಂದು ಬೆಳಗ್ಗೆ ದಂಡೆಯ ಮೇಲೆ ನಿಂತು ನೋಡಿದ. ಕಾಗದದ ಮೇಲೆ ಬರೆದುಕೊಂಡ. ಗುರುಗಳಿಗೆ ಓದಿ ಹೇಳಿದ.

"ಮಾಲೀಕರು, ಒಬ್ಬರು."

"ಎಣಿಸಿದೆಯಾ?"

"ಒಬ್ಬರನ್ನು ಎಣಿಸೋದೇನು, ಗುರುಗಳೇ?"



ದೋಣಿಯ ಮುಂದುಗಡೆ ಒಂದು ಮರದ ಮಣೆ ಇತ್ತು. ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ. ಸಾರು ಕುದಿದ ಮೇಲೆ ತಾನ್ ಆ ಮಣೆಯ ಎದುರು ಸೌಟು ಹಿಡಿದು ಬಹಳ ಹೊತ್ತು ಸುಮ್ಮನೆ ಕೂರುತ್ತಿದ್ದ. ಅಷ್ಟರಲ್ಲಿ ನಾಲ್ಕು ದೋಣಿ ದಾಟಿ ಹೋಗುತ್ತಿದ್ದವು.

ಸಂಗನಬಸು ಸಲಹೆ ಕೊಟ್ಟ.

"ಆ ಮಣೆ ತೆಗೆಯಿರಿ. ಅಲ್ಲಿ ಇನ್ನೊಂದು ಹಂಡೆ ಹಿಡಿಯುತ್ತದೆ. ಉಪ್ಪಿಗೆ ಈ ಅಳತೆ ಇಟ್ಟುಕೊಳ್ಳಿ. ಸುಮ್ಮನೆ ಕೂರಬೇಡಿ."

ತಾನ್ ಮಣೆಯನ್ನು ನೋಡಿದ. ಆಮೇಲೆ ಹುಡುಗನನ್ನು ನೋಡಿದ.

"ನೀವು ಓದಿದವರು," ಎಂದ. ಮಣೆ ಎತ್ತಿ ದಂಡೆಯ ಮೇಲಿಟ್ಟ.

ಅವತ್ತು ಸಾರು ಉಳಿಯಿತು.

ಮರುದಿನ ಬಾಳೆಗೊನೆ ಮಾರುವವಳು ಒಂದು ಗುಟುಕು ಕುಡಿದಳು. ಉಳಿದದ್ದನ್ನು ನದಿಗೆ ಚೆಲ್ಲಿದಳು. "ಇವತ್ತು ಮೀನುಗಳಿಗೆ ಅಡುಗೆ ಮಾಡಿದೆಯೇನು?"

ಸುತ್ತಲಿನ ದೋಣಿಗಳು ನಕ್ಕವು. ತಾನ್ ತಲೆ ಎತ್ತಲಿಲ್ಲ.

ಗೂಟ ನೋಡಿಕೊಳ್ಳುವ ಮುದುಕ ಬಂದು ಹಂಡೆಗೆ ಇಣುಕಿದ. ಎರಡು ಬೆರಳು ಎತ್ತಿ ತೋರಿಸಿ ಹೋದ.

ಸಂಗನಬಸು ಗುರುಗಳ ಬಳಿ ಓಡಿದ. "ಅಳತೆ ತಪ್ಪಿಲ್ಲ, ಗುರುಗಳೇ. ಆದರೂ ಉಳಿಯಿತು. ನಾಳೆಯೂ ಉಳಿದರೆ ಅವರ ಗೂಟ ಹೋಗುತ್ತದೆ. ನನ್ನಿಂದ ಹೋಗುತ್ತದೆ."

ಗುರುಗಳು ಎದ್ದರು. ದಂಡೆಗೆ ನಡೆದರು. ಮಣೆ ಕೆಸರಲ್ಲಿ ಬಿದ್ದಿತ್ತು. ಹೆಗಲ ಮೇಲಿನ ವಲ್ಲಿಯಿಂದ ಅದನ್ನು ಒರೆಸಿದರು. ಮೂಲೆ ಮೂಲೆ ಬಿಡದೆ ಒರೆಸಿದರು. ಶಿಷ್ಯನ ತಲೆಯ ಮೇಲಿಟ್ಟರು.

"ಎಲ್ಲಿತ್ತೋ ಅಲ್ಲೇ ಇಡು. ಇಟ್ಟು, ನಾಳೆ ದೋಣಿಯಲ್ಲೇ ಕೂತಿರು."

ಮೂರನೇ ಬೆಳಗು. ನದಿಯ ಮೇಲೆ ಮಂಜು. ಹಂಡೆ ಕುದಿಯುತ್ತಿತ್ತು.

ತಾನ್ ಸೌಟು ತುಂಬಿ ಮಣೆಯ ಕಡೆ ಚಾಚಿದ. ತನ್ನ ಭಾಷೆಯಲ್ಲಿ ಏನೋ ಕೇಳಿದ. ಆಮೇಲೆ ಹುಡುಗನಿಗೆ ಹೇಳಿದ:

"ಉಪ್ಪು ಸಾಕಾ ಅಂತ ಕೇಳಿದೆ. ನನಗೆ ರುಚಿ ತಿಳಿಯುವುದಿಲ್ಲ. ಹೆಂಡತಿ ಇದ್ದಾಗ ಹಂಡೆ ಹೊರುವುದಷ್ಟೇ ನನ್ನ ಕೆಲಸ ಆಗಿತ್ತು."

"ಅವತ್ತೇ ಯಾಕೆ ಹೇಳಲಿಲ್ಲ?"

"ನಿಮ್ಮ ಕಾಗದದಲ್ಲಿ ಅವಳಿಗೆ ಜಾಗ ಇರಲಿಲ್ಲ."



ಗಾಳಿ ಇರಲಿಲ್ಲ. ನೀರು ಅಲುಗಲಿಲ್ಲ. ಸೌಟಿನ ಹಬೆ ಮಣೆಯ ಕಡೆಗೆ ಮೆಲ್ಲಗೆ ಬಾಗಿತು.

ತಾನ್ ತಲೆಯಾಡಿಸಿದ. ಒಂದು ಚಿಟಿಕೆ ಉಪ್ಪು ಹಾಕಿದ. ಮತ್ತೆ ಸೌಟು ಚಾಚಿದ. ಮತ್ತೆ ಕಾದ. ಒಮ್ಮೆಲೇ ಅವನ ಮುಖದಲ್ಲಿ ನಗು ಬಂತು.

"ಬೈತಾಳೆ. ಕೈ ಬಿಗಿ ನಿನ್ನದು, ಮೂಟೆ ಹೊರೋನೇ, ಅಂತಾಳೆ."

ಇನ್ನರ್ಧ ಚಿಟಿಕೆ ಹಾಕಿದ. ಕಾದ. ಕೈ ಮುಗಿದ.

ಹುಡುಗನಿಗೆ ಒಂದು ಬಟ್ಟಲು ಕೊಟ್ಟ. ಅವನು ಒಂದು ಗುಟುಕು ಕುಡಿದ. ಆ ರುಚಿಯಲ್ಲಿ ಉಪ್ಪು ಒಂದು ಕಾಳು ಹೆಚ್ಚಿರಲಿಲ್ಲ, ಒಂದು ಕಾಳು ಕಡಿಮೆ ಇರಲಿಲ್ಲ. ಅವನು ಮಣೆಯ ಕಡೆ ತಿರುಗಿ ನೋಡಿದ. ಕಾಲು ಮಡಚಿಕೊಂಡು, ಸರಿದು ಕೂತ.

ಮಂಜಿನೊಳಗಿಂದ ಹುಟ್ಟು ಹಾಕುವ ಸದ್ದು ಬಂತು. ಒಂದು ದೋಣಿ. ಮೂರು. ಆಮೇಲೆ ಎಣಿಸಲಾಗಲಿಲ್ಲ. ಬಾಳೆಗೊನೆಯವಳು ಎರಡು ಸಲ ಬಟ್ಟಲು ಚಾಚಿದಳು.

ಬಿಸಿಲು ಮರದೆತ್ತರಕ್ಕೆ ಬರುವ ಮೊದಲೇ ಸೌಟು ತಳಕ್ಕೆ ತಗುಲಿತು. ಗೂಟದ ಮುದುಕ ಹಂಡೆಗೆ ಇಣುಕಿದ. ಬೆರಳು ಎತ್ತದೆ ಹೋದ.

ಗುರುಗಳು ದಂಡೆಯ ಮೇಲೆ ಕೂತಿದ್ದರು. ಸಂಗನಬಸು ಬಂದು ಅವರ ಕಾಲ ಬಳಿ ಕೂತ.

"ಗುರುಗಳೇ, ಅವರ ಹೆಂಡತಿ ನಿಜವಾಗಿ ಬರುತ್ತಾರಾ?"

ಗುರುಗಳು ನದಿಯನ್ನು ನೋಡುತ್ತಿದ್ದರು.

"ಸಾರು ಕುಡಿದವನು ನೀನು. ನನ್ನನ್ನು ಕೇಳ್ತೀಯಲ್ಲ."

ಅವನು ಕಾಗದ ತೆಗೆದ. "ಇನ್ನು ಏನು ಸಲಹೆ ಬರೆಯಲಿ?"

"ಮೊದಲ ಸಾಲು ಓದು."

"ಮಾಲೀಕರು, ಒಬ್ಬರು."

"ಸಲಹೆ ಆಮೇಲೆ, ತಮ್ಮಾ. ಮೊದಲು ಅದನ್ನು ತಿದ್ದು."