ಕೆಂಪು ಹುಂಜದ ಖಾಲಿ ಚೀಲ

“ಬುದ್ಧೀ, ತಮ್ಮ ತಲೆಯಲ್ಲೇ ಏನೂ ತುಂಬಿಕೊಳ್ಳದವರು ಮಕ್ಕಳಿಗೆ ಏನು ಕೊಟ್ಟಾರು?”

ಚೆನ್ನವೀರ ಇದನ್ನು ಮಠದ ಹಿರಿಯ ಸ್ವಾಮಿಗಳ ಮುಂದೆ ಕೇಳಿದ. ಕೇಳಿದ್ದು ಶಾಂತಯ್ಯನವರ ವಿಷಯ. ಶಾಂತಯ್ಯನವರು ಮಠದ ಜಗುಲಿಯಲ್ಲಿ ಕೂತು, ಹೊಸದಾಗಿ ಬಂದ ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುವವರು. ತಲೆ ನರೆತಿದ್ದರೂ ಒಂದು ಶಾಸ್ತ್ರವನ್ನೂ ಕೊನೆಯವರೆಗೆ ಓದಿದವರಲ್ಲ. ಸ್ವಾಮಿಗಳ ಪಾಠಕ್ಕೆ ಬಂದು ಕೂತರೆ, ಯಾವುದೋ ಮಗು ಅತ್ತಿತೆಂದು ಅರ್ಧದಲ್ಲೇ ಎದ್ದು ಹೋಗುತ್ತಾರೆ. ಚೆನ್ನವೀರನಾದರೋ ಚಿಕ್ಕಂದಿನಿಂದ ಮಠದಲ್ಲೇ ಬೆಳೆದು ಶಾಸ್ತ್ರಗಳನ್ನೆಲ್ಲ ಅರೆದು ಕುಡಿದವನು. ಶಾಂತಯ್ಯನವರನ್ನು ದನದ ಕೊಟ್ಟಿಗೆಯ ಕೆಲಸಕ್ಕೆ ಹಾಕಿ, ಜಗುಲಿಯಲ್ಲಿ ಓದಿದವರೊಬ್ಬರನ್ನು ಕೂರಿಸಬೇಕೆಂದು ಅವನು ಬೇಡಿಕೊಂಡ.

ಸ್ವಾಮಿಗಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಒಂದು ಕೋಳಿಯ ಕತೆ ಹೇಳುತ್ತೇನೆ, ಮಠದಲ್ಲಿ ಕೋಳಿಯ ಮಾತೇಕೆ ಎಂದು ಮೂಗು ಮುರಿಯಬೇಡ ಎಂದು ಶುರುಮಾಡಿದರು.

ಒಬ್ಬ ರೈತನ ಹೆಂಡತಿ ಹಿತ್ತಲಲ್ಲಿ ನಾಟಿ ಕೋಳಿ ಸಾಕಿದ್ದಳು. ಆ ಮನೆಯಲ್ಲಿ ತನ್ನದು ಅನ್ನಲು ಅವಳಿಗಿದ್ದದ್ದು ಅವು ಮಾತ್ರ. ಸಂಜೆ ಕೋಳಿಗಳು ಗೂಡು ಸೇರುವಾಗ ಬಾಗಿಲಲ್ಲಿ ಕೂತು, ಒಂದೊಂದು ಹೇಂಟೆಯನ್ನೂ ಹಿಡಿದು, ಕೊರಳ ಬುಡದಲ್ಲಿರುವ ಕಾಳಿನ ಚೀಲವನ್ನು ಮುಟ್ಟಿ ನೋಡುವುದು ಅವಳ ಪದ್ಧತಿ. ಚೀಲ ತುಂಬಿದ್ದರೆ ಕೋಳಿ ಚೆನ್ನಾಗಿದೆ. ಖಾಲಿಯಿದ್ದರೆ ಅದು ಮೇವು ಬಿಟ್ಟಿದೆ, ರೋಗ ಹತ್ತಿದೆ. ಅಂಥದ್ದನ್ನು ಅವಳು ಗೂಡಿನೊಳಕ್ಕೆ ಬಿಡುತ್ತಿರಲಿಲ್ಲ. ಹುಂಜಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ, ಕುಕ್ಕುತ್ತವೆಂಬ ಭಯ.

ಒಂದು ಬೇಸಿಗೆ ಪಕ್ಕದ ಊರಿಗೆ ಕೊಕ್ಕರೆ ರೋಗ ಬಂತು. ಅಲ್ಲಿ ಕೋಳಿಗಳು ಕತ್ತು ತಿರುಚಿಕೊಂಡು ಗೂಡಿಗೆ ಗೂಡೇ ಸತ್ತವು. ಸುದ್ದಿ ಇವಳ ಕಿವಿಗೂ ಬಿತ್ತು. ಅಂದು ಹುಂಜಗಳನ್ನೂ ಬಿಡದೆ ಹಿಡಿದಳು. ಕರಿ ಹುಂಜದ ಚೀಲ ನಿಂಬೆಹಣ್ಣಿನಂತೆ ಉಬ್ಬಿತ್ತು. ಕೆಂಪು ಹುಂಜದ ಚೀಲ ಖಾಲಿ. ಎದೆಯ ಮೂಳೆ ಅವಳ ಅಂಗೈಗೆ ಚುಚ್ಚಿತು.

ಗಂಡ ಆಗಲೇ ಗುದ್ದಲಿ ಹಿಡಿದ. “ಇನ್ನೇನು ನೋಡ್ತಾ ಕೂತಿದೀಯ? ಒಂದು ಹುಂಜದ ಮೇಲಿನ ಆಸೆಗೆ ಗೂಡನ್ನೇ ಕಳ್ಕೊಳ್ತೀಯ?”

“ಹಿಕ್ಕೆ ಚೆನ್ನಾಗೈತೆ, ಕಣ್ಣು ಚೆನ್ನಾಗೈತೆ. ನಾಳೆ ಸಂಜೆಗಂಟ ಬಿಡಿ,” ಅಂದಳು.

ಹುಂಜವನ್ನು ತಿಪ್ಪೆಯ ಆಚೆ ಒಯ್ದು ಬಿದಿರಿನ ಪಂಜರದಡಿ ಮುಚ್ಚಿದಳು. ಬೆಳಿಗ್ಗೆ ಒಂದು ಹಿಡಿ ಜೋಳ ಹಾಕಿ ಬಂದಳು. ಮಧ್ಯಾಹ್ನ ಹೋಗಿ ನೋಡಿದರೆ ಪಂಜರದಲ್ಲಿ ಒಂದು ಕಾಳೂ ಇಲ್ಲ. ಮೇವು ತಿಂದಿದೆ, ಇನ್ನು ಬದುಕಿತು ಎಂದು ಹಿಗ್ಗಿ ಹುಂಜವನ್ನು ಹಿಡಿದರೆ ಚೀಲ ನಿನ್ನೆಯಂತೆಯೇ ಖಾಲಿ. ಅವಳಿಗೆ ತಲೆಬುಡ ತಿಳಿಯಲಿಲ್ಲ. ಮತ್ತೊಂದು ಹಿಡಿ ಹಾಕಿ, ಹುಲ್ಲಿನ ಮೆದೆಯ ಮರೆಯಲ್ಲಿ ಕೂತಳು.

ಹುಂಜ ಒಂದು ಕಾಳನ್ನು ಕೊಕ್ಕಿನಲ್ಲಿ ಎತ್ತಿತು. ನುಂಗಲಿಲ್ಲ. ಕೊಕ್ ಕೊಕ್ ಎಂದು ಕರೆಯಿತು. ಹಿತ್ತಲ ಮೂಲೆಮೂಲೆಯಿಂದ ಹೇಂಟೆಗಳು ಓಡಿ ಬಂದವು, ಮರಿಗಳೂ ಬಂದವು. ಅದು ಕಾಳನ್ನು ಪಂಜರದ ಸಂದಿನ ಹತ್ತಿರ ತಂದು ಹಾಕಿತು. ಅವು ಹೊರಗಿನಿಂದ ಕೊಕ್ಕು ತೂರಿಸಿ ತಿಂದವು. ಹೀಗೇ ಒಂದೊಂದು ಕಾಳೂ ಹೊರಗೆ ಹೋಯಿತು. ಸಾಯಲು ಇಟ್ಟ ಜಾಗದಲ್ಲೂ ಅದು ತನ್ನ ಕೆಲಸ ಬಿಟ್ಟಿರಲಿಲ್ಲ. ಕರಿ ಹುಂಜ ಅತ್ತ ಅಂಗಳದಲ್ಲಿ ಚೆಲ್ಲಿದ ಕಾಳಿನ ನಡುವೆ ನಿಂತು, ಹತ್ತಿರ ಬಂದ ಹೇಂಟೆಗಳನ್ನು ಕುಕ್ಕಿ ಓಡಿಸುತ್ತ ತಾನೊಂದೇ ಮುಕ್ಕುತ್ತಿತ್ತು. ಮೇಲೆ ಹದ್ದಿನ ನೆರಳು ಸುಳಿದಾಗ ಎಲ್ಲಕ್ಕಿಂತ ಮೊದಲು ಗಾಡಿಯಡಿ ನುಗ್ಗಿದ್ದೂ ಅದೇ. ಎಚ್ಚರಿಕೆಯ ಕೂಗು ಬಂದದ್ದು ಪಂಜರದಿಂದ.

ಅವಳ ಕಣ್ಣು ತುಂಬಿತು. ಇಷ್ಟು ದಿನ ಹೇಂಟೆಗಳ ತುಂಬಿದ ಚೀಲ ಮುಟ್ಟಿ, ತನ್ನ ಕೈಗುಣ ಎಂದು ಬೀಗಿದ್ದಳು. ಅದು ಯಾರ ಗುಣವೆಂದು ಈಗ ತಿಳಿಯಿತು. ಅಂಥ ಹುಂಜವನ್ನು ಹೂಳಲು ತಾನೇ ಒಯ್ದು ಇಟ್ಟಿದ್ದಳು.

ಸಂಜೆ ಗಂಡ ಗುಂಡಿ ತೋಡಿ, ಸುಣ್ಣ ತಂದಿಟ್ಟು ಕರೆದ. ಅವಳು ಪಂಜರದ ಪಕ್ಕದಲ್ಲಿದ್ದ ಹೇಂಟೆಯೊಂದನ್ನು ಹಿಡಿದು ಅವನ ಕೈಗೆ ಕೊಟ್ಟಳು.

“ಇದರ ಚೀಲ ಮುಟ್ಟಿ ನೋಡಿ. ಹುಂಜ ಉಣ್ಣಬೇಕಾದ್ದು ಇಲ್ಲೈತೆ.”

ಗಂಡ ಮುಟ್ಟಿದ. ಅವಳು ಕಂಡದ್ದನ್ನೆಲ್ಲ ಹೇಳಿದಳು. ಅವನು ಗುಂಡಿಗೆ ಮಣ್ಣೆಳೆದು ಮುಚ್ಚಿದ.

ಅಂದಿನಿಂದ ಹೇಂಟೆಗಳು ಗೂಡು ಸೇರಿ ಕಣ್ಣು ಮುಚ್ಚಿದ ಮೇಲೆ ಅವಳು ಕೆಂಪು ಹುಂಜವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಂಗೈಯಲ್ಲಿ ಕಾಳು ಹಿಡಿಯುತ್ತಿದ್ದಳು. ಆಗಲೂ ಅದು ಒಮ್ಮೆ ಕೊಕ್ ಎಂದು ಕರೆದು, ಯಾರೂ ಬರಲಿಲ್ಲವೆಂದು ಖಾತ್ರಿ ಮಾಡಿಕೊಂಡೇ ತಿನ್ನುತ್ತಿತ್ತು. ತನಗಿಂತ ದೊಡ್ಡ ಜೀವವೊಂದು ತನ್ನ ತೊಡೆಯ ಮೇಲಿದೆ ಅನ್ನಿಸಿ ಅವಳು ಕೈ ಅಲ್ಲಾಡಿಸದೆ ಕೂರುತ್ತಿದ್ದಳು. ಕೊಕ್ಕರೆ ರೋಗ ಆ ಹಿತ್ತಲಿಗೆ ಬರಲಿಲ್ಲ. ಕರಿ ಹುಂಜದ ಗತಿ ಏನಾಯಿತೆಂದು ಮಾತ್ರ ಮಠದಲ್ಲಿ ಕೂತು ನನ್ನನ್ನು ಕೇಳಬೇಡ ಎಂದು ಸ್ವಾಮಿಗಳು ನಕ್ಕರು.

ಚೆನ್ನವೀರನೂ ನಕ್ಕ. ಕತೆ ಚೆನ್ನಾಗಿದೆ, ಆದರೆ ಜಗುಲಿಯ ಕೆಲಸಕ್ಕೆ ಯಾರನ್ನು ಕೂರಿಸುತ್ತೀರಿ ಎಂದು ಮತ್ತೆ ಕೇಳಿದ.

ಸ್ವಾಮಿಗಳು ಅವನ ಮುಖ ನೋಡಿದರು.

“ಮರಳಿನ ಮೇಲೆ ನಿನ್ನ ಬೆರಳು ಹಿಡಿದು ಮೊದಲ ಅಕ್ಷರ ತಿದ್ದಿಸಿದವರು ಯಾರಪ್ಪ, ಚೆನ್ನವೀರ?”

ಚೆನ್ನವೀರ ಜಗುಲಿಯಲ್ಲಿದ್ದ ಶಾಂತಯ್ಯನವರತ್ತ ತಿರುಗಿದ.