ಕೌದಿಯ ಹೊಟ್ಟೆ

ಒಂದಾನೊಂದು ಕಾಲದಲ್ಲಿ, ಅಂದ್ರೆ ನೀನು ಹೊದ್ದಿರೋ ಈ ಕೌದಿ ಇನ್ನೂ ಸೀರೆಗಳಾಗಿದ್ದ ಕಾಲದಲ್ಲಿ, ಮಲಪ್ರಭೆ ದಂಡೆಯ ಒಂದು ಊರಲ್ಲಿ ಹೊನ್ನವ್ವ ಅಂತ ಒಬ್ಬಳಿದ್ದಳಂತೆ. ಅವಳಿಗೆ ಮೂವರು ಗಂಡುಮಕ್ಕಳು, ಮೂವರು ಸೊಸೆಯರು. ಹಿರಿಯಳು ಗುರುಬಸವ್ವ, ನಡುವಿನವಳು ತೋಟವ್ವ, ಕಿರಿಯಳು ಕಲ್ಲವ್ವ. ಹೊನ್ನವ್ವ ಇದ್ದಷ್ಟು ದಿನ ಮನೆಗೆಲ್ಲ ಒಂದೇ ಒಲೆ. ಎಲ್ಲರೂ ಉಂಡಿರಾ ಅಂತ ಕೇಳಿ, ಆಮೇಲೆ ಒಲೆ ಪಕ್ಕ ಒಂದು ಮೊಣಕಾಲು ಎತ್ತಿ ಕೂತು, ಕೊನೇ ರೊಟ್ಟಿ ತಾನು ತಿನ್ನೋಳಂತೆ. ಅವಳು ತೀರಿಹೋದ ಮೇಲೆ ಸೊಸೆಯರು ಬೇರೆ ಬೇರೆ ಒಲೆ ಹೂಡಿದರಂತೆ, ದೊಡ್ಡ ಒಲೆಯಲ್ಲಿ ಬೆಕ್ಕು ಮಲಗೋಕೆ ಶುರುಮಾಡಿತಂತೆ.

ಆಮೇಲೆ ಕಲ್ಲವ್ವನಿಗೆ ದಿನ ತುಂಬೋ ಮೊದಲೇ ಒಂದು ಗಂಡುಕೂಸು ಹುಟ್ಟಿತಂತೆ. ಅಳೋಕೂ ಶಕ್ತಿಯಿಲ್ಲ, ಕೈಕಾಲೆಲ್ಲ ತಣ್ಣಗೆ. ಬೆಚ್ಚಗಿಟ್ಟರೆ ಉಳೀತದೆ, ಇಲ್ಲಾಂದ್ರೆ ನನ್ನ ಕೈಲಿಲ್ಲ ಅಂದಳಂತೆ ಸೂಲಗಿತ್ತಿ. ಮೂವರೂ ಅತ್ತೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯೋಕೆ ಕೂತರಂತೆ. ಅಂಚಿನಿಂದ ಸುತ್ತ ಹೊಲಿದು ಬಂದರೆ ಕೊನೆಗೆ ನಡುವೆ ಅಂಗೈಯಗಲ ಜಾಗ ಉಳೀತದಲ್ಲ, ಅದು ಕೌದಿಯ ಹೊಟ್ಟೆ. ಅದರೊಳಗೆ ಒಂದು ಚೂರು ರೊಟ್ಟಿ ಇಟ್ಟೇ ಮುಚ್ಚಬೇಕು. ಇನ್ನೊಬ್ಬಳು ಇಟ್ಟಿರ್ತಾಳೆ ಅಂತ ಮೂವರೂ ಅಂದುಕೊಂಡು, ಬರೀ ಹೊಟ್ಟೆಯನ್ನೇ ಹೊಲಿದುಬಿಟ್ಟರಂತೆ.

ಕೂಸಿಗೆ ಹೊದಿಸಿದರೆ ಕೌದಿ ಬಾವಿಕಲ್ಲಿನ ಹಾಗೆ ತಣ್ಣಗೆ. ಕಿವಿಯಿಟ್ಟರೆ ಒಳಗೆ ಗುಡುಗುಡು, ಹಸಿದವರ ಹೊಟ್ಟೆಯ ಸದ್ದು. ಆಗ ನೆನಪಾಯಿತಂತೆ. ಗುರುಬಸವ್ವ ಹೊಲಿಗೆ ಬಿಚ್ಚಿ ತನ್ನ ಒಲೆಯ ರೊಟ್ಟಿ ಇಟ್ಟು ಮುಚ್ಚಿದಳು. ಬೆಳಗ್ಗೆ ನೋಡಿದರೆ ಹೊಲಿಗೆ ಹೊಲಿದ ಹಾಗೇ ಇದೆ, ರೊಟ್ಟಿ ಚೂರು ಮಾತ್ರ ಹೊರಗೆ ಬಿದ್ದಿದೆಯಂತೆ.

ತೋಟವ್ವ ನಕ್ಕಳಂತೆ. ಅಕ್ಕಾ, ನಿನ್ನ ರೊಟ್ಟಿ ಹಲಗಿ ಇದ್ದಂಗ ಇರ್ತೈತಿ, ಹಲ್ಲಿಲ್ಲದ ಅತ್ತಿ ಹೆಂಗ ತಿಂದಾಳು ಅಂತ. ತಾನು ತುಪ್ಪ ಸವರಿದ ಹೋಳಿಗೆ ಇಟ್ಟಳು. ಮರುದಿನ ಅದೂ ಹೊರಗೆ. ತುಪ್ಪದ ಕಲೆ ಕೂಡ ಕೌದಿಗೆ ಅಂಟಿರಲಿಲ್ಲವಂತೆ. ಗುರುಬಸವ್ವ ಸುಮ್ಮನಿರ್ತಾಳಾ, ಅತ್ತಿಗಿ ನಿನ್ನ ಬೆಣ್ಣಿ ಮಾತೂ ಹಿಡಿಸ್ತಿರಲಿಲ್ಲ ಅಂದಳಂತೆ.

ಅಷ್ಟರಲ್ಲಿ ಕೂಸು ಹಾಲು ಎಳೆಯೋದನ್ನೂ ಬಿಟ್ಟಿತಂತೆ. ಕಲ್ಲವ್ವ ಏನೂ ಇಡಲಿಲ್ಲ. ಕೌದಿಯನ್ನು ತೊಡೆ ಮೇಲೆ ಹಾಕಿಕೊಂಡು ಕೇಳಿದಳಂತೆ, ಅತ್ತೀ, ಏನು ಬೇಕು ಹೇಳಬೇ, ನಿನ್ನ ಮೊಮ್ಮಗ ಕೈ ಬಿಟ್ಟು ಹೊಂಟಾನು.

ಕೌದಿ ಮೆಲ್ಲಗೆ ತೊಡೆಯಿಂದ ಇಳಿಯಿತಂತೆ. ಹಾಡುಹಗಲು, ಮೂವರೂ ನೋಡ್ತಿದ್ದಾರೆ. ಸೆರಗು ನೆಲಕ್ಕೆ ಎಳೆಯುತ್ತ ಪಡಸಾಲೆ ದಾಟಿ ಹೋಯಿತು, ಆ ಹಳೇ ದೊಡ್ಡ ಒಲೆಯ ಪಕ್ಕ ಕೂತಿತು. ಒಂದು ಮೊಣಕಾಲು ಎತ್ತಿದ ಹಾಗೆ, ಒಂದು ಕಡೆ ಉಬ್ಬಿಕೊಂಡು. ಬೆಕ್ಕು ಎದ್ದು ಜಾಗ ಬಿಟ್ಟಿತಂತೆ. ಗುರುಬಸವ್ವ ತಲೆ ಮೇಲೆ ಸೆರಗು ಎಳೆದುಕೊಂಡು, ಉಂಡಿಲ್ಲವಾ ಯವ್ವಾ ನೀ, ಅಂದಳಂತೆ, ಅಷ್ಟೇ.

ಆಮೇಲೆ ಮೂವರೂ ಎದ್ದರು. ಮೂರು ಒಲೆಗಳ ಕೆಂಡ ತಂದು ದೊಡ್ಡ ಒಲೆಗೆ ಸುರಿದರು. ಒಬ್ಬಳು ಹಿಟ್ಟು ನಾದಿದಳು, ಒಬ್ಬಳು ತಟ್ಟಿದಳು, ಒಬ್ಬಳು ಬೇಯಿಸಿದಳು. ಮನೆಯವರೆಲ್ಲ ಒಟ್ಟಿಗೆ ಕೂತು ಉಂಡರು. ಕೊನೇ ರೊಟ್ಟಿಯ ಒಂದು ಚೂರನ್ನು ಹೊಟ್ಟೆಯೊಳಗಿಟ್ಟು ಹೊಲಿದರಂತೆ. ಕೌದಿ ಒಂದು ಉಸಿರು ಬಿಟ್ಟಿತಂತೆ, ಉಂಡು ಕೈ ತೊಳೆದವರ ಹಾಗೆ. ಹೊದಿಸಿದ ಸ್ವಲ್ಪ ಹೊತ್ತಿಗೆ ಕೂಸಿನ ಅಂಗಾಲು ಕೆಂಪಾಯಿತು, ಹಾಲಿಗೆ ಅಳೋಕೆ ಶುರುಮಾಡಿತು. ಆ ಅಳು ಕೇಳಿ ಮೂವರೂ ಅತ್ತರಂತೆ.

ಆ ಕೂಸೇ ನಮ್ಮ ಮಾವನೋರು, ನಿನ್ನ ಮುತ್ತಜ್ಜ. ನಮ್ಮ ಮನೆತನದಲ್ಲಿ ಹುಟ್ಟಿದ ಎಲ್ಲರ ಹೆಸರನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೀನಿ, ಅವರೆಲ್ಲರ ಕೆಳಗೆ ನಿನ್ನ ಹೆಸರು ಬರೋದು ಪುಟ್ಟಿ. ಎಲ್ಲಿ, ಕೌದಿಯ ನಡುವೆ ಕೈಯಿಡು. ಗಟ್ಟಿಗೆ ಏನೋ ಸಿಕ್ಕಿತಾ? ಒತ್ತಬೇಡ. ಎಲ್ಲರೂ ಉಂಡು ಮಲಗಿದ್ದಾರೆ ಅಂತ ಮೆತ್ತಗೆ ಹೇಳು, ಬೆಚ್ಚಗಾಗ್ತದೆ.

ಆಯ್ತಾ? ಹಾಗಾದರೆ ನಾನು ದಾರ ಕಡಿದೆ, ಕತೆ ಮುಗೀತು.